ನೂರು ವರ್ಷ ಬಾಳುವ ವಂದನಾರ್ಪಣೆ

ನನ್ನ ಬಾಯಿ ನಿಜಕ್ಕೂ ಅಷ್ಟು ದೊಡ್ಡದೇ?

ಇದನ್ನು ಯಾರ ಬಳಿಯೂ ಕೇಳುವ ಹಾಗಿಲ್ಲ. ಅಮ್ಮನನ್ನು ಕೇಳಿದರೆ ಇಲ್ಲ ಎನ್ನುತ್ತಾಳೆ, ಅಮ್ಮಂದಿರು ಇನ್ನೇನು ಹೇಳಿಯಾರು. ಕನ್ನಡಿಯಂತೂ ನನ್ನನ್ನು ಬಾಯಿ ಮುಚ್ಚಿಕೊಂಡಿರುವಾಗ ಮಾತ್ರ ನೋಡಿದೆ. ಕೊನೆಗೆ ಡೈರಿಯಲ್ಲಿ ಬರೆದುಕೊಂಡೆ: ಡೊಂಬಿವಲಿಯ ಕನ್ನಡಿಗರ ಮನೆಯ ಟಿವಿಯಲ್ಲಿ ನಾನು ಬಾಯಿ ತೆರೆದುಕೊಂಡು ನಿಂತಿದ್ದೇನೆ, ಮುಚ್ಚಿಸುವ ಉಪಾಯ ಯಾರಿಗೂ ತಿಳಿಯುತ್ತಿಲ್ಲ. ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ, ನಿಜವಾದ ಚಿಂತೆಯನ್ನು ಬರೆದೆ: ಶಿವಪ್ಪಜ್ಜನ ಹೆಸರನ್ನು ನಾನು ಹೇಳಿದೆನೋ ಇಲ್ಲವೋ?

ಇದಕ್ಕೆಲ್ಲ ಕಾರಣ ಒಂದು ಡಬ್ಬಿ ಖಾಲಿ ಡಿಸ್ಕು. ಅದನ್ನು ತಂದವರು ನನ್ನ ಅಪ್ಪ.

ಅಪ್ಪನ ಹೆಸರು ಪುಂಡರೀಕಾಕ್ಷ. ಶಹಾಡ್‌ನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಅವರಿಗೆ ನೌಕರಿ. ಅದು ಹೊಟ್ಟೆಪಾಡು. ಅವರ ನಿಜವಾದ ಹುದ್ದೆ ನಮ್ಮ ಡೊಂಬಿವಲಿಯ ಕನ್ನಡ ಬಳಗದ ಸೆಕ್ರೆಟರಿಯದು. ಬಳಗದ ರಬ್ಬರ್ ಸ್ಟಾಂಪು ಸದಾ ಅವರ ಅಂಗಿಯ ಜೇಬಿನಲ್ಲಿರುತ್ತದೆ. ಬಾಳೆಹಣ್ಣು ತರಲು ಹೋದರೂ ಇರುತ್ತದೆ. ಯಾವ ಹೊತ್ತಿನಲ್ಲಿ ಯಾವ ಕಾಗದದ ಮೇಲೆ ಒತ್ತಬೇಕಾಗುತ್ತದೋ ಹೇಳಲಾಗದಂತೆ. ಇದುವರೆಗೆ ಹಾಗೆ ಒತ್ತಿದ್ದು ಅಂಗಿಯ ಜೇಬಿನ ಮೇಲಷ್ಟೇ. ಆ ನೇರಳೆ ಕಲೆಗಳನ್ನು ಉಜ್ಜಿ ಉಜ್ಜಿ ನನ್ನ ಅಮ್ಮ ವಾರಿಜಾ ಬಳಗದ ಮೇಲೆಯೇ ಬೇಸರಪಟ್ಟುಕೊಂಡಿದ್ದಾಳೆ.

ನಮ್ಮ ಬಳಗದಲ್ಲಿ ಕರಾವಳಿಯವರೂ ಇದ್ದಾರೆ, ಉತ್ತರ ಕರ್ನಾಟಕದವರೂ ಇದ್ದಾರೆ. ಸೆಕ್ರೆಟರಿ ಕರಾವಳಿಯವರಾದರೆ ಅಧ್ಯಕ್ಷರು ಆ ಕಡೆಯವರು. ಈ ತಕ್ಕಡಿ ಎಂದೂ ಏರುಪೇರಾಗಿಲ್ಲ. ಅಧ್ಯಕ್ಷರಾದ ಶಿವಪ್ಪಜ್ಜ ಪಕ್ಕದ ಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟು ಈಗ ಮಗನಿಗೆ ವಹಿಸಿದ್ದಾರೆ. ನಮ್ಮದೇ ಹೌಸಿಂಗ್ ಸೊಸೈಟಿಯ ಬಿ ವಿಂಗ್‌ನಲ್ಲಿ ಅವರ ಮನೆ. ಅವರ ಹೆಂಡತಿ ರುದ್ರವ್ವಜ್ಜಿ ಒಂದು ಸ್ಟೀಲಿನ ಡಬ್ಬಿಯಲ್ಲಿ ನಮಗೆ ಶೇಂಗಾ ಚಟ್ನಿಪುಡಿ ಕಳಿಸುತ್ತಾರೆ. ಅಮ್ಮ ಅದರಲ್ಲಿ ಪತ್ರೊಡೆ ತುಂಬಿ ಕಳಿಸುತ್ತಾಳೆ. ಅದು ಗೋಧಿ ಹಿಟ್ಟಿನ ಉಂಡೆಯಾಗಿ ತಿರುಗಿ ಬರುತ್ತದೆ. ನಾನು ಕಂಡಂತೆ ಆ ಡಬ್ಬಿ ಎ ವಿಂಗ್‌ಗೂ ಬಿ ವಿಂಗ್‌ಗೂ ನಡುವೆ ಒಮ್ಮೆಯೂ ಖಾಲಿ ಪ್ರಯಾಣ ಮಾಡಿದ್ದಿಲ್ಲ.

ಈ ಕಾಲದಲ್ಲಿ ವಾರ್ಷಿಕೋತ್ಸವದ ವಿಡಿಯೋಗೆ ಡಿಸ್ಕು ಯಾಕೆ ಎಂದು ನಾನೂ ಮನಸ್ಸಿನಲ್ಲೇ ಕೇಳಿಕೊಂಡೆ. ಹೋದ ವರ್ಷದ ವಾರ್ಷಿಕೋತ್ಸವವನ್ನು ಬಳಗದವರು ಒಂದು ಪೆನ್ ಡ್ರೈವ್‌ಗೆ ತುಂಬಿ ಮನೆಯಿಂದ ಮನೆಗೆ ಕಳಿಸಿದ್ದರು. ಅದು ಸುತ್ತು ಮುಗಿಸಿ ಅಪ್ಪನ ಕೈಗೆ ಬಂದಾಗ ಅದರೊಳಗೆ ಯಾರದೋ ಮಗುವಿನ ನಾಮಕರಣವಿತ್ತು. ಮಗು ಯಾರದೆಂದು ಇಂದಿಗೂ ಪತ್ತೆಯಾಗಿಲ್ಲ. ಅಂದೇ ಅಪ್ಪ ನಿರ್ಧರಿಸಿದರು. ಡಿಸ್ಕಾದರೆ ಒಮ್ಮೆ ಬರೆದದ್ದು ಬರೆದದ್ದೇ, ಶಿಲಾಶಾಸನದ ಹಾಗೆ. ನಮ್ಮ ಹಿರಿಯರ ಮನೆಗಳಲ್ಲಿ ಡಿವಿಡಿ ಪ್ಲೇಯರುಗಳು ಕಸೂತಿ ಬಟ್ಟೆ ಹೊದ್ದು ಟಿವಿಯ ಪಕ್ಕದಲ್ಲಿ ಇನ್ನೂ ಕೂತೇ ಇವೆ. ಅವಕ್ಕೂ ಒಂದು ಕೆಲಸವಾಯಿತು.

ಖಾಲಿ ಡಿಸ್ಕು ಸಿಗುವುದು ಈಗ ಸುಲಭವಲ್ಲ. ಅಪ್ಪ ಕಲ್ಯಾಣ ಸ್ಟೇಷನ್ನಿನ ಹತ್ತಿರ ಮುಚ್ಚುವ ತಯಾರಿಯಲ್ಲಿದ್ದ ಒಂದು ಅಂಗಡಿಯನ್ನು ಹುಡುಕಿ ಒಂದು ಡಬ್ಬಿ ತಂದರು. ಚಿನ್ನದ ಬಣ್ಣದ ಡಿಸ್ಕುಗಳು. ಡಬ್ಬಿಯ ಮೇಲೆ ನೂರು ವರ್ಷ ಬಾಳಿಕೆ ಎಂದು ಅಚ್ಚಾಗಿತ್ತು. ಎಲ್ಲಿ ತಯಾರಾದದ್ದು, ಯಾರು ತಯಾರಿಸಿದ್ದು ಎಂಬುದು ಮಾತ್ರ ಅಚ್ಚಾಗಿರಲಿಲ್ಲ. ನೂರು ವರ್ಷವನ್ನು ಅಪ್ಪ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಓದಿ ಹೇಳಿದರು. ಎದುರುಮನೆಯ ಮರಾಠಿ ಕಾಕು, ಅಷ್ಟು ವರ್ಷ ಈ ಬಿಲ್ಡಿಂಗೇ ನಿಲ್ಲುವುದಿಲ್ಲವಲ್ಲ ಎಂದು ಕಳವಳಪಟ್ಟರು.

ಅದೇ ಉತ್ಸಾಹದಲ್ಲಿ ಅಪ್ಪ ನನ್ನನ್ನೂ ಸಿಕ್ಕಿಸಿದರು. ಇಲ್ಲಿ ಹುಟ್ಟಿ ಬೆಳೆದ ಹುಡುಗ ಹುಡುಗಿಯರಲ್ಲಿ ಕನ್ನಡ ಓದಲು ಬರುವವಳು, ಡಿಗ್ರಿ ಮುಗಿಸಿದವಳು ಎಂಬ ಕಾರಣಕ್ಕೆ ಈ ಸಲದ ವಾರ್ಷಿಕೋತ್ಸವದ ವಂದನಾರ್ಪಣೆ ನನ್ನ ಪಾಲಿಗೆ ಬಂತು. ನಾಲ್ಕು ಜನರ ಎದುರು ನೀರು ಕೇಳುವುದಕ್ಕೂ ಹಿಂಜರಿಯುವವಳು ನಾನು. ಕಾಗದ ನೋಡಿಕೊಂಡು ಓದಿದರೆ ಸಾಲು ತಪ್ಪಿಹೋದೀತೆಂದು ಎಲ್ಲವನ್ನೂ ಬಾಯಿಪಾಠ ಮಾಡಿದೆ. ನೆರೂಳದ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸ. ಹೋಗುವಾಗ ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ತುಟಿ ಅಲುಗಿಸುತ್ತ ಹೆಸರುಗಳನ್ನು ಜಪಿಸಿದೆ. ಏನೋ ವ್ರತ ಹಿಡಿದಿರಬೇಕೆಂದು ಭಾವಿಸಿ ಒಬ್ಬ ಹೆಂಗಸು ಸರಿದು ಮೂವರು ಕೂರುವ ಬೆಂಚಿನಲ್ಲಿ ನನಗೆ ನಾಲ್ಕನೇ ಸೀಟು ಕೊಟ್ಟಳು. ಠಾಣೆ ಲೈನಿನಲ್ಲಿ ಇದಕ್ಕಿಂತ ದೊಡ್ಡ ಗೌರವವಿಲ್ಲ.

ಹೆಸರುಗಳ ಕ್ರಮ ಅಪ್ಪನದು. ಮೊದಲು ಮುಖ್ಯ ಅತಿಥಿ, ಆಮೇಲೆ ಸಭಾಂಗಣ ಕೊಟ್ಟ ಶಾಲೆ, ಹಾಡಿದವರು, ಕುಣಿದವರು, ಮೈಕಿನವರು, ಅಡುಗೆಯವರು. ಎಲ್ಲದರ ಕೊನೆಗೆ, ದೇವಸ್ಥಾನಕ್ಕೆ ಕಳಶ ಇಟ್ಟ ಹಾಗೆ, ಅಧ್ಯಕ್ಷರು. ‘ಕೊನೆಯಲ್ಲಿ ಹೇಳಿದ್ರೆ ತೂಕ ಜಾಸ್ತಿ ಮಗಾ,’ ಎಂದಿದ್ದರು. ಈ ತೂಕವೇ ಮುಂದೆ ಅವರ ತಲೆಯ ಮೇಲೆ ಬಿತ್ತು.

ನಮ್ಮ ಬಳಗದಲ್ಲಿ ಒಂದು ಪದ್ಧತಿ ಇದೆ. ಎಲ್ಲೂ ಬರೆದಿಟ್ಟಿಲ್ಲ, ಆದರೆ ಮುರಿದವರೂ ಇಲ್ಲ. ಮೈಕಿನಲ್ಲಿ ‘ಈಗ ವಂದನಾರ್ಪಣೆ’ ಎಂದರೆ ‘ಈಗ ಊಟ’ ಎಂದು ಅರ್ಥ. ಆ ದಿನ ಊಟ ಬಳಗದ ಖಜಾಂಚಿ ಕಿಟ್ಟಣ್ಣನದು. ಠಾಣೆ ಪೇಟೆಯಲ್ಲಿ ಅವರ ಹೋಟೆಲಿದೆ. ಪಕ್ಕದ ಕೋಣೆಯಲ್ಲಿ ಕಾವಲಿಯಿಂದ ಬಿಸಿ ಹೋಳಿಗೆ ಇಳಿಯುತ್ತಿತ್ತು, ತುಪ್ಪದ ಪರಿಮಳ ಸಭೆಗೆ ಬಂದು ಎಲ್ಲರನ್ನೂ ಕೈಹಿಡಿದು ಎಬ್ಬಿಸುತ್ತಿತ್ತು. ನಾನು ಮೈಕಿನ ಎದುರು ನಿಂತು ‘ಸಭೆಗೆ ನಮಸ್ಕಾರ’ ಎನ್ನುವಷ್ಟರಲ್ಲಿ ಸಭೆ ಎದ್ದಿತ್ತು. ಅಪ್ಪ ಮುಖ್ಯ ಅತಿಥಿಗಳನ್ನು ರಿಕ್ಷಾ ಹತ್ತಿಸಲು ಹೊರಗೆ ಓಡಿದರು. ಅಮ್ಮ ಸಾಲಿನಲ್ಲಿ ಜಾಗ ಹಿಡಿಯಲು ಹೋದಳು. ವಿಡಿಯೋ ತೆಗೆಯುತ್ತಿದ್ದ ಸ್ವಪ್ನಿಲ್ ಕೂಡ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ತಟ್ಟೆ ಹಿಡಿಯಲು ಹೋದ. ಒಳಗಿನ ನೂಕುನುಗ್ಗಲಿನಲ್ಲಿ ತನ್ನ ತಟ್ಟೆ ಬಿಟ್ಟು ಬೇರೆಯವರ ತಟ್ಟೆ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲವಂತೆ. ನಾನು ಒಂದು ಕ್ಯಾಮೆರಾಕ್ಕೂ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿಗಳಿಗೂ ಹೃತ್ಪೂರ್ವಕ ಧನ್ಯವಾದ ಅರ್ಪಿಸಿದೆ. ಹೆದರಿಕೆಯಲ್ಲಿ ಕುರ್ಚಿಗಳ ಬಣ್ಣ ನೀಲಿ ಎಂಬುದೊಂದು ಬಿಟ್ಟು ಬೇರೇನೂ ನೆನಪಿನಲ್ಲಿ ಉಳಿಯಲಿಲ್ಲ.

ಸ್ವಪ್ನಿಲ್ ತನ್ನ ಹಳೆಯ ಕಂಪ್ಯೂಟರಿನಲ್ಲಿ ಕಾರ್ಯಕ್ರಮವನ್ನು ಅಪ್ಪನ ಚಿನ್ನದ ಡಿಸ್ಕುಗಳಿಗೆ ಇಳಿಸಿದ. ಅಪ್ಪ ಒಂದೊಂದು ಕವರಿನ ಮೇಲೂ ಸ್ಟಾಂಪು ಒತ್ತಿ ತಾವೇ ಮನೆಮನೆಗೆ ಹೋಗಿ ಹಂಚಿದರು. ಬದಲಾಪುರದವರಿಗೆ ಬದಲಾಪುರಕ್ಕೆ, ನೆರೂಳದವರಿಗೆ ನೆರೂಳಕ್ಕೆ. ಹೋದಲ್ಲೆಲ್ಲ ಚಹಾ ಕುಡಿದು, ನೂರು ವರ್ಷದ ವಿಷಯ ತಿಳಿಸಿ ಬಂದರು.

ನಾಲ್ಕು ದಿನ ಶಾಂತವಾಗಿತ್ತು. ಐದನೆಯ ದಿನ ಸ್ಟೀಲಿನ ಡಬ್ಬಿ ಮನೆಗೆ ಬಂತು.

ಅಮ್ಮ ಮುಚ್ಚಳ ತೆರೆದಳು. ಒಳಗೆ ಏನೂ ಇರಲಿಲ್ಲ. ಬರೀ ಖಾಲಿಯಲ್ಲ, ತೊಳೆದು ಒರೆಸಿ ಹೊಳೆಯುವ ಖಾಲಿ. ಅಮ್ಮ ಅದನ್ನು ಮೇಜಿನ ಮೇಲಿಟ್ಟು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂಬಂಥ ದನಿಯಲ್ಲಿ ಅಪ್ಪನನ್ನು ಕರೆದಳು.

ಆದದ್ದು ಇಷ್ಟು. ಶಿವಪ್ಪಜ್ಜ ಮನೆಮಂದಿಯನ್ನೆಲ್ಲ ಸೇರಿಸಿ ಡಿಸ್ಕು ಹಾಕಿದ್ದಾರೆ. ಎಲ್ಲವೂ ಚೆನ್ನಾಗಿ ಬಂದಿದೆ. ಕೊನೆಗೆ ನಾನು ಬಂದಿದ್ದೇನೆ. ಒಬ್ಬೊಬ್ಬರನ್ನೇ ವಂದಿಸುತ್ತ ‘ಹಾಗೂ ನಮ್ಮೆಲ್ಲರ ಹಿರಿಯರಾದ’ ಎಂದಿದ್ದೇನೆ. ಅಲ್ಲಿಗೆ ಡಿಸ್ಕಿಗೆ ಬಿಕ್ಕಳಿಕೆ ಹಿಡಿದಿದೆ. ‘ಹಿರಿಯರಾ… ರಾ… ರಾ… ರಾ…’ ಎಂದು ಕೂಗಿ ಕೂಗಿ, ಕೊನೆಗೆ ದೊಡ್ಡದಾಗಿ ಬಾಯಿ ತೆರೆದು ನಿಂತುಬಿಟ್ಟಿದ್ದೇನೆ. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕಿದ್ದಾರೆ. ಅಜ್ಜ ನಕ್ಕಿಲ್ಲ.

ಅಪ್ಪ ಅಂಗಿ ಹಾಕಿಕೊಂಡು ಬಿ ವಿಂಗ್‌ಗೆ ಧಾವಿಸಿದರು, ನಾನು ಹಿಂದೆ ಹೋದೆ. ರುದ್ರವ್ವಜ್ಜಿ ಬಾಗಿಲು ತೆರೆದರು, ಕೂಡ್ರಿ ಎನ್ನಲಿಲ್ಲ. ಅಜ್ಜ ಸೋಫಾದ ಮೇಲೆ ಕೋರ್ಟಿನಲ್ಲಿ ಕೂತ ಹಾಗೆ ಕೂತಿದ್ದರು.

‘ಸೆಕ್ರೆಟರಿ ಸಾಹೇಬ್ರ, ನಾ ಮುಂದಿನ ಸಾಲಿನ್ಯಾಗ ಕುಂತಿದ್ದೆ. ಕಡೀತನಕ. ಮಂದಿ ಎಲ್ಲಾ ಊಟಕ್ಕ ಓಡಿದ್ರೂ ನಾ ಅಲುಗ್ಯಾಡಲಿಲ್ಲ. ಒಂದ ಹೋಳಗಿ ಸೈತ ಮುಟ್ಟಿಲ್ಲ, ಬೇಕಾದ್ರ ಇಕೀನ್ನ ಕೇಳ್ರಿ. ನನ್ನ ಕಿವಿಗೆ ನನ್ನ ಹೆಸರ ಬೀಳಲಿಲ್ಲ. ಈಗ ಡಿಸ್ಕಿನ್ಯಾಗೂ ಇಲ್ಲ. ಏನಂತೀರಿ?’

ಅಜ್ಜನಿಗೆ ಸಕ್ಕರೆ ಕಾಯಿಲೆ. ಅಜ್ಜಿಯ ಅಪ್ಪಣೆಯಿಲ್ಲದೆ ಅವರ ನಾಲಿಗೆಗೆ ಒಂದು ಹರಳು ಸಕ್ಕರೆಯೂ ತಾಗುವಂತಿಲ್ಲ. ಆ ದಿನ ಅಜ್ಜಿಗೆ ಮಂಡಿನೋವು, ಸಭೆಗೆ ಬಂದಿರಲಿಲ್ಲ. ‘ಹೌದ್ರಿ, ಹೋಳಗಿ ಮುಟ್ಟಿಲ್ಲ ಅಂತ ಬಂದ ಕೂಡ್ಲೇ ಹೇಳ್ಯಾರ,’ ಎಂದು ಅವರು ಸಾಕ್ಷಿ ನುಡಿದರು.

ಅಪ್ಪ ಕೈಮುಗಿದು, ‘ಎಂತ ಹೇಳುದು ಮಾರಾಯ್ರೆ, ಡಬ್ಬಿಯಲ್ಲಿ ನೂರು ವರ್ಷ ಅಂತ ಬರೆದದ್ದುಂಟು,’ ಎಂದರು. ಅದು ಸಮಾಧಾನದ ಮಾತಾಗಲಿಲ್ಲ. ನೂರು ವರ್ಷ ಈ ಅವಮಾನ ಉಳಿಯುತ್ತದೆಂದೇ ಅಜ್ಜ ತಿಳಿದುಕೊಂಡರು.

ಮರುದಿನದಿಂದ ಫೋನುಗಳು ಶುರುವಾದವು. ನೆರೂಳದವರ ಡಿಸ್ಕು ಭರತನಾಟ್ಯದ ನಡುವೆ ಕಾಲೆತ್ತಿ ನಿಂತಿತ್ತು, ಆ ಹುಡುಗಿ ಇನ್ನೂ ಕಾಲು ಇಳಿಸಿಲ್ಲವಂತೆ. ಇನ್ನೊಬ್ಬರದು ಶಾಲೆಗೆ ವಂದನೆ ಹೇಳುವಾಗ ಕೈಕೊಟ್ಟಿತ್ತು. ಬದಲಾಪುರದವರದು ಮುಖ್ಯ ಅತಿಥಿಗಳ ಭಾಷಣದ ಮೊದಲ ವಾಕ್ಯಕ್ಕೇ ನಿಂತಿತ್ತು. ಅವರೊಬ್ಬರು ಮಾತ್ರ ಸಂತೋಷದಿಂದ ಫೋನ್ ಮಾಡಿ ಇಂಥ ಒಳ್ಳೆಯ ಡಿಸ್ಕು ನೋಡಿಲ್ಲ ಎಂದರು.

ಸ್ವಪ್ನಿಲನನ್ನು ಕೇಳಿದರೆ ಅವನು ಕಂಪ್ಯೂಟರಿನ ಪ್ರತಿಯನ್ನೂ ಕ್ಯಾಮೆರಾದ ಕಾರ್ಡನ್ನೂ ಅಳಿಸಿ, ಕಾರ್ಡಿನಲ್ಲಿ ಭಿವಂಡಿಯ ಒಂದು ಮದುವೆ ತೆಗೆದಾಗಿತ್ತು. ಕಾಕಾ, ನೂರು ವರ್ಷ ಗ್ಯಾರಂಟಿ ಎಂದು ನೀವೇ ಹೇಳಿದಿರಲ್ಲ, ಅದಕ್ಕೇ ಅಳಿಸಿದೆ ಎಂದ. ತಪ್ಪು ಹುಡುಕಲು ಜಾಗವೇ ಇರಲಿಲ್ಲ. ಅಪ್ಪ ಉಳಿದ ಡಿಸ್ಕುಗಳನ್ನು ಎತ್ತಿಕೊಂಡು ಕಲ್ಯಾಣದ ಅಂಗಡಿಗೆ ಹೋದರು. ಆ ಜಾಗದಲ್ಲಿ ಮೋಮೋ ಬೇಯುತ್ತಿತ್ತು. ಮೋಮೋದವನು ಡಬ್ಬಿಯನ್ನು ತಿರುಗಿಸಿ ನೋಡಿ, ಚಟ್ನಿ ಇಡಲು ಅನುಕೂಲ, ಕೊಡುತ್ತೀರಾ ಎಂದು ಕೇಳಿದನಂತೆ.

ಮುಂದೆ ಚಿಕಿತ್ಸೆಯ ಪರ್ವ. ಯಾರೋ ಹೇಳಿದರೆಂದು ಡಿಸ್ಕಿಗೆ ಟೂತ್‌ಪೇಸ್ಟ್ ಹಚ್ಚಿದರು. ಬಾಳೆಹಣ್ಣಿನ ಸಿಪ್ಪೆಯಿಂದ ತಿಕ್ಕಿದರು. ನೆರೂಳದವರು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದಲ್ಲಿ ಇಟ್ಟರು. ಮೊಸರು ಚೆನ್ನಾಗಿ ಹೆಪ್ಪಾಯಿತು, ಹುಡುಗಿ ಕಾಲು ಇಳಿಸಲಿಲ್ಲ.

ಒಂದು ಸಂಜೆ ಕಿಟ್ಟಣ್ಣ ಬಂದು ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನ ಸುತ್ತ ಬಣ್ಣ ಎದ್ದು ಮಬ್ಬಾಗಿತ್ತು. ಡಿಸ್ಕು ನಡುವಿನಿಂದ ಹೊರಗೆ ಬರೆದುಕೊಂಡು ಹೋಗುತ್ತದೆ ಎಂದು ಸ್ವಪ್ನಿಲ್ ಹೇಳಿದ್ದು ಅವರಿಗೆ ನೆನಪಿತ್ತು. ಕಿಟ್ಟಣ್ಣನ ಮುಖ ಅರಳಿತು. ‘ಇದು ನಮ್ಮ ದೋಸೆಯ ಕತೆಯೇ ಮಾರಾಯ. ಹಿಟ್ಟು ನಡುವಿಂದ ಹೊರಗೆ ಎಳೀತೇವಲ್ಲ, ಕಾವಲಿ ಸರಿ ಇಲ್ಲದಿದ್ರೆ ಕೆಡುದು ಅಂಚು. ಕೊನೆಗೆ ಬರೆದದ್ದು ಅಂಚಿಗೆ ಬಂತು, ಹಾಳಾಯ್ತು. ಶಿವಪ್ಪಣ್ಣನಿಗೆ ನಾನು ತಿಳಿಸ್ತೇನೆ.’

ಇಷ್ಟು ಸರಿಯಾದ ವಿವರಣೆಯಿಂದ ಇಷ್ಟು ಅನಾಹುತವಾದದ್ದನ್ನು ನಾನು ಕಂಡಿಲ್ಲ. ಅಜ್ಜ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರಂತೆ: ‘ಅಂದ್ರ ಕರಾವಳಿ ಮಂದೀನ್ನ ನಡುವ ಹಾಕಿ ನಮ್ಮನ್ನ ಅಂಚಿಗೆ ಹಾಕೀರಿ. ಹೌದಲ್ಲೋ?’ ಕಿಟ್ಟಣ್ಣ ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದು ಬಂದರು.

ಭಾನುವಾರ ಬಳಗದ ತುರ್ತು ಸಭೆ ಸೇರಿತು. ಸೊಸೈಟಿ ಆಫೀಸಿನಲ್ಲಿ ಒಂದು ಕಡೆ ಕರಾವಳಿಯವರು, ಇನ್ನೊಂದು ಕಡೆ ಉತ್ತರ ಕರ್ನಾಟಕದವರು. ಇಷ್ಟು ವರ್ಷ ಸಿಕ್ಕ ಕುರ್ಚಿಯಲ್ಲಿ ಕೂರುತ್ತಿದ್ದವರು ಅಂದು ಭೂಪಟ ನೋಡಿಕೊಂಡು ಕೂತರು. ರುದ್ರವ್ವಜ್ಜಿ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು. ನಡುವೆ ಕಿಟ್ಟಣ್ಣನ ಹೋಟೆಲಿನ ಟಿವಿಯೂ ಪ್ಲೇಯರೂ ಇದ್ದವು. ಅಪ್ಪನ ಕೊನೆಯ ಆಸೆ ಅದು. ಎಲ್ಲರ ಡಿಸ್ಕೂ ತರಿಸಿ ಹಾಕೋಣ, ಯಾವುದಾದರೂ ಒಂದರಲ್ಲಿ ಅಧ್ಯಕ್ಷರ ಹೆಸರು ಇದ್ದೇ ಇರುತ್ತದೆ.

ಒಂದಾದ ಮೇಲೊಂದು ಹಾಕಿದರು. ಒಂದು ಪ್ರಾರ್ಥನೆಗೇ ನಿಂತಿತು, ಒಂದು ಕೋಲಾಟಕ್ಕೆ. ಒಂದನ್ನು ಪ್ಲೇಯರು ಒಳಗೆ ತೆಗೆದುಕೊಂಡು ಯೋಚಿಸಿ ಹೊರಗೆ ಉಗುಳಿತು. ಕಿಟ್ಟಣ್ಣನ ಡಿಸ್ಕು ‘ರುಚಿಕರ ಊಟ ಸಿದ್ಧಪಡಿಸಿದ’ ಎಂಬಲ್ಲಿಗೆ ಬಂದು ಕಣ್ಣುಮುಚ್ಚಿತು. ಆಗ ಕಿಟ್ಟಣ್ಣನಿಗೂ ಬೇಸರವಾಯಿತು. ಕೊನೆಗೆ ಉಳಿದದ್ದು ಅಜ್ಜನದೇ ಡಿಸ್ಕು. ಎಲ್ಲದಕ್ಕಿಂತ ದೂರ ಹೋದದ್ದು ಅದೊಂದೇ. ‘ಹಿರಿಯರಾ… ರಾ… ರಾ…’ ಎಂದು ಬಿಕ್ಕಳಿಸಿ, ನಾನು ಟಿವಿಯ ತುಂಬ ಬಾಯಿ ತೆರೆದು ನಿಂತೆ.

ಯಾರೂ ಆಫ್ ಮಾಡಲಿಲ್ಲ. ಆ ಬಾಯಿಯ ಬೆಳಕಿನಲ್ಲೇ ಸಭೆ ನಡೆಯಿತು.

ಒಬ್ಬರು, ಹೆಸರು ಬಿಟ್ಟದ್ದು ಸಣ್ಣ ವಿಷಯವಲ್ಲ ಎಂದರು. ಇನ್ನೊಬ್ಬರು, ಹುಡುಗಿ ಹೆದರಿ ಮರೆತಿರಬಹುದು ಎಂದರು. ನಾನು ಅಮ್ಮನ ಸೆರಗಿನ ಅಂಚನ್ನು ನೋಡುತ್ತ ಕೂತೆ. ಮರೆತಿರಬಹುದೇ ಎಂದು ನನಗೇ ಅನುಮಾನವಿರುವಾಗ ಏನು ಹೇಳಲಿ? ಶಿವಪ್ಪಜ್ಜ ಎದ್ದು, ದನಿ ಏರಿಸದೆ, ಸೆಕ್ರೆಟರಿ ಬದಲಾಗಬೇಕು, ಇಲ್ಲವಾದರೆ ತಾವು ಮತ್ತು ತಮ್ಮ ಕಡೆಯವರು ಬೇರೆ ಬಳಗ ಮಾಡಿಕೊಳ್ಳುವುದಾಗಿ ಹೇಳಿದರು.

ಅಪ್ಪ ವಾದ ಮಾಡಲಿಲ್ಲ. ಜೇಬಿಗೆ ಕೈಹಾಕಿ ಸ್ಟಾಂಪನ್ನು ತೆಗೆದು ಮೇಜಿನ ಮೇಲಿಟ್ಟರು. ಇಟ್ಟ ಮೇಲೆ ಬೀಳದ ಹಾಗೆ ಸ್ವಲ್ಪ ಒಳಗೆ ಸರಿಸಿದರು. ‘ನನ್ನಿಂದ ಬಳಗ ಒಡೆಯುದು ಬೇಡ,’ ಎಂದರು. ಅವರ ಖಾಲಿ ಜೇಬು ಎಷ್ಟೋ ವರ್ಷದ ಮೇಲೆ ಚಪ್ಪಟೆಯಾಗಿ ಎದೆಗೆ ಅಂಟಿಕೊಂಡಿತ್ತು. ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ತಿರುಗಿಸಿದರೆ ಎದುರಿಗೆ ಟಿವಿಯಲ್ಲಿ ಮತ್ತೆ ನಾನೇ.

ಆಗ ಮೊದಲ ಸಲ ಆ ಬಾಯಿಯನ್ನಲ್ಲದೆ ಬೇರೆಯದನ್ನು ನೋಡಿದೆ. ನನ್ನ ಕಣ್ಣು. ಅದು ಕ್ಯಾಮೆರಾದ ಕಡೆಗೂ ಇರಲಿಲ್ಲ, ಕುರ್ಚಿಗಳ ಕಡೆಗೂ ಇರಲಿಲ್ಲ. ಬಲಗಡೆಗೆ ತಿರುಗಿತ್ತು. ಬಲಗಡೆ ಇದ್ದದ್ದು ಊಟದ ಕೋಣೆಯ ಬಾಗಿಲು. ಆ ಬಾಗಿಲಲ್ಲಿ ಯಾರು ನಿಂತಿದ್ದರು, ನನ್ನ ಕಡೆ ಯಾವ ಕೈ ಬೀಸಿದರು, ಇನ್ನೊಂದು ಕೈಯಲ್ಲಿ ಏನಿತ್ತು ಎಂಬುದೆಲ್ಲ, ಹೊಸ ಡಿಸ್ಕು ಹಾಕಿದಂತೆ ಒಂದೂ ಬಿಕ್ಕಳಿಕೆಯಿಲ್ಲದೆ ನನ್ನ ಕಣ್ಣ ಮುಂದೆ ಓಡಿತು.

ನಾನು ಎದ್ದು ನಿಂತೆ. ಎದ್ದದ್ದು ನನಗೆ ತಿಳಿದದ್ದು ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ. ಟಿವಿಯಲ್ಲಿ ಬಾಯಿ ತೆರೆದವಳು, ಕೋಣೆಯಲ್ಲಿ ಬಾಯಿ ಮುಚ್ಚಿದವಳು, ಇಬ್ಬರನ್ನೂ ಅವರು ಹೋಲಿಸಿ ನೋಡುತ್ತಿದ್ದರು.

‘ಏನವ್ವಾ ರಮಿತಾ?’ ರುದ್ರವ್ವಜ್ಜಿ ಕೇಳಿದರು. ಡಬ್ಬಿ ಖಾಲಿ ಬಂದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ‘ನಮ್ಮವರ ಹೆಸರ ಹೇಳಿದ್ಯೋ, ಬಿಟ್ಟ್ಯೋ? ಖರೆ ಹೇಳು.’

‘ಹೇಳಿದೆ ಅಜ್ಜಿ,’ ಎಂದೆ.

ಕೋಣೆಯಲ್ಲಿ ಗುಜುಗುಜು ಎದ್ದಿತು. ಅಪ್ಪನ ಬೆರಳು ಮೇಜಿನ ಮೇಲೆ ಸ್ಟಾಂಪಿನ ಕಡೆಗೆ ಒಂದಿಷ್ಟು ಹರಿಯಿತು.

‘ಎಲ್ಲಿ ಹೇಳಿದಿ ತಂಗಿ?’ ಅಜ್ಜ ಅಂದರು. ಆದರೆ ಅವರ ಕಣ್ಣು ನನ್ನ ಮೇಲಿರಲಿಲ್ಲ, ಟಿವಿಯಲ್ಲಿ ನನ್ನ ಕಣ್ಣು ತಿರುಗಿದ್ದ ಕಡೆಗೆ ಇತ್ತು. ದನಿಯೂ ಮೊದಲಿನಷ್ಟು ಗಟ್ಟಿಯಿರಲಿಲ್ಲ. ‘ನಾ ಮುಂದಿನ ಸಾಲಿನ್ಯಾಗ ಕುಂತಿದ್ದೆ…’

ರುದ್ರವ್ವಜ್ಜಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ಅಮ್ಮ ನನ್ನ ಚೂಡಿದಾರದ ತುದಿ ಹಿಡಿದು ಕೂರು ಎಂದು ಎಳೆದಳು. ನಾನು ಕೂರಲಿಲ್ಲ. ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳುವ ಹಾಗೆ, ಒಂದೇ ಉಸಿರಿನಲ್ಲಿ ಹೇಳಿದೆ:

‘ಮುಂದಿನ ಸಾಲಿನಲ್ಲಿ ಯಾರೂ ಇರಲಿಲ್ಲ ಅಜ್ಜ. ನಾನು ನಿಮ್ಮ ಹೆಸರು ಹೇಳುವಾಗ ನೀವು ಊಟದ ಬಾಗಿಲಲ್ಲಿ ನಿಂತು, ಸಾಕು ಮುಗಿಸು ಅಂತ ನನಗೆ ಕೈ ಬೀಸಿದ್ರಿ. ಇನ್ನೊಂದು ಕೈಯಲ್ಲಿ ತಟ್ಟೆ ಇತ್ತು, ತಟ್ಟೆಯಲ್ಲಿ ಹೋಳಿಗೆ ಇತ್ತು.’